ಸ್ಕೂಟರಿನ ಎಡಬದಿಯ ಸದ್ದು: ಯಾವಾಗ ಬರುತ್ತದೆಂಬುದೇ ರೋಗದ ಸುಳಿವು

ಏರುತಗ್ಗುಗಳ ಊರಾದ ಮಂಗಳೂರಿನಲ್ಲಿ ಗೇರು ಬದಲಿಸುವ ಗೋಜಿಲ್ಲದ ಸ್ಕೂಟರು ಇಂದು ಮನೆಮನೆಯ ವಾಹನ. ಕಾಲೇಜು ವಿದ್ಯಾರ್ಥಿನಿಯಿಂದ ಹಿಡಿದು ಮಾರುಕಟ್ಟೆಯಿಂದ ಮೀನು, ತರಕಾರಿ ತರುವ ನಿವೃತ್ತ ನೌಕರರ ತನಕ ಎಲ್ಲರೂ ಇದನ್ನು ನೆಚ್ಚಿಕೊಂಡಿದ್ದಾರೆ. ಎಂಜಿನ್ ಆಯಿಲ್, ಬ್ರೇಕು, ಟಯರುಗಳತ್ತ ಗಮನ ಕೊಡುವ ಸವಾರರು ಕೂಡ ಮರೆತುಬಿಡುವ ಭಾಗವೊಂದು ಈ ವಾಹನದಲ್ಲಿದೆ. ಎಡಬದಿಯಲ್ಲಿ ಎಂಜಿನ್ನಿನಿಂದ ಹಿಂದಿನ ಚಕ್ರದವರೆಗೆ ಚಾಚಿಕೊಂಡಿರುವ ಉದ್ದನೆಯ ಲೋಹದ ಪೆಟ್ಟಿಗೆಯೇ ಅದು. ಎಂಜಿನ್ನಿನ ಶಕ್ತಿಯನ್ನು ಚಕ್ರಕ್ಕೆ ಮುಟ್ಟಿಸುವ ರಬ್ಬರಿನ ಬೆಲ್ಟ್ ಇರುವುದು ಇದರೊಳಗೆ.

ಈ ಪೆಟ್ಟಿಗೆಯಿಂದ ಹೊಸ ಸದ್ದೊಂದು ಕೇಳಿಬಂದಾಗ ಹೆಚ್ಚಿನವರು ಮಾಡುವುದು ಎರಡೇ ಕೆಲಸ. ಒಂದೋ, ಓಡುವಷ್ಟು ದಿನ ಓಡಲಿ ಎಂದು ಸುಮ್ಮನಿರುವುದು. ಇಲ್ಲವೇ ಗ್ಯಾರೇಜಿಗೆ ಹೋಗಿ 'ಏನೋ ಕರಕರ ಎನ್ನುತ್ತದೆ' ಎಂದು ಹೇಳಿ ಬೀಗದಕೈ ಒಪ್ಪಿಸುವುದು. ಮೊದಲನೆಯದರಲ್ಲಿ ಒಂದು ದಿನ ನಡುರಸ್ತೆಯಲ್ಲಿ ಬೆಲ್ಟ್ ತುಂಡಾಗುವ ಅಪಾಯವಿದೆ. ಎರಡನೆಯದರಲ್ಲಿ ಅಗತ್ಯವಿಲ್ಲದ ಬಿಡಿಭಾಗಗಳಿಗೆ ಹಣ ತೆರುವ ಸಂಭವವಿದೆ. ಬೆಲ್ಟ್ ಬದಲಿಸಿಯೂ ಸದ್ದು ನಿಲ್ಲಲಿಲ್ಲ, ಮುಂದೆ ರೋಲರ್ ಬದಲಿಸಿದರು, ಕೊನೆಗೆ ಕೆಟ್ಟದ್ದು ಬೇರಿಂಗ್ ಎಂದು ತಿಳಿಯಿತು ಎಂಬಂಥ ಕಥೆಗಳು ಅಪರೂಪವಲ್ಲ.

ಇದನ್ನು ತಪ್ಪಿಸಲು ಸವಾರನಿಗೆ ಯಂತ್ರಶಾಸ್ತ್ರದ ಪಾಂಡಿತ್ಯ ಬೇಕಿಲ್ಲ. ಸದ್ದು ಹೇಗಿದೆ ಎಂದು ವರ್ಣಿಸುವುದಕ್ಕಿಂತ ಅದು ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಎಂಬುದನ್ನು ಗುರುತಿಸಿಕೊಂಡರೆ ಸಾಕು. ಒಬ್ಬರ ಕಿವಿಗೆ 'ಕಿರಕಿರ' ಎನಿಸಿದ್ದು ಇನ್ನೊಬ್ಬರಿಗೆ 'ಗರಗರ' ಎನಿಸಬಹುದು. ಆದರೆ ನಿಂತಾಗ ಬರುವ ಸದ್ದು ಎಲ್ಲರಿಗೂ ನಿಂತಾಗಲೇ ಬರುತ್ತದೆ.

ಪೆಟ್ಟಿಗೆಯೊಳಗೆ ಏನಿದೆ?

ಗೇರಿಲ್ಲದ ಬೆಲ್ಟ್ ಚಾಲನೆಯ ಕಲ್ಪನೆ ಹೊಸದೇನಲ್ಲ. ನೆದರ್ಲೆಂಡಿನ ಡಾಫ್ ಸಂಸ್ಥೆ 1958ರಲ್ಲಿ ಇಂಥ ವ್ಯವಸ್ಥೆಯುಳ್ಳ ಪುಟ್ಟ ಕಾರನ್ನು ಪ್ರದರ್ಶಿಸಿ, ಅದನ್ನು ವೇರಿಯೋಮ್ಯಾಟಿಕ್ ಎಂದು ಕರೆಯಿತು. ಭಾರತದ ರಸ್ತೆಗಳಲ್ಲಿ ಇದನ್ನು ಜನಪ್ರಿಯಗೊಳಿಸಿದ್ದು 1984ರಲ್ಲಿ ಬಂದ ಕೈನೆಟಿಕ್ ಹೋಂಡಾ. ಎಡಗೈಯಲ್ಲಿ ಗೇರು ತಿರುಗಿಸುತ್ತಿದ್ದ ಬಜಾಜ್ ಚೇತಕ್ ಕಾಲದ ಜನರಿಗೆ ಅದು ಬೆರಗಿನ ವಸ್ತುವಾಗಿತ್ತು. ಅನಂತರ 2001ರಲ್ಲಿ ಬಂದ ಹೋಂಡಾ ಆಕ್ಟಿವಾ ಮತ್ತು ಅದರ ಹಿಂದೆ ಸಾಲುಗಟ್ಟಿದ ಇತರ ಕಂಪನಿಗಳ ಸ್ಕೂಟರುಗಳು ಈ ವ್ಯವಸ್ಥೆಯನ್ನು ಊರೂರಿಗೆ ತಲುಪಿಸಿದವು.

ಕರಾವಳಿಯ ಹಳೆಯ ಅಕ್ಕಿ ಗಿರಣಿಗಳಲ್ಲಿ ಮೋಟರಿನಿಂದ ಯಂತ್ರಕ್ಕೆ ಬೆಲ್ಟ್ ಹಾಕಿ ತಿರುಗಿಸುವುದನ್ನು ನೋಡಿದವರಿಗೆ ಸ್ಕೂಟರಿನ ವ್ಯವಸ್ಥೆ ಅರ್ಥವಾಗುವುದು ಸುಲಭ. ವ್ಯತ್ಯಾಸವೊಂದೇ: ಗಿರಣಿಯ ಪುಲ್ಲಿಗಳ ಗಾತ್ರ ಬದಲಾಗದು, ಸ್ಕೂಟರಿನಲ್ಲಿ ಬೆಲ್ಟ್ ಸುತ್ತುವ ಅಳತೆ ಓಡುತ್ತಿರುವಾಗಲೇ ಬದಲಾಗುತ್ತದೆ.

ಎಂಜಿನ್ನಿನ ದಂಡಕ್ಕೆ ಸೇರಿಕೊಂಡಿರುವುದು ಮುಂದಿನ ಪುಲ್ಲಿ. ಮೆಕ್ಯಾನಿಕರು ಇದನ್ನು ವೇರಿಯೇಟರ್ ಎನ್ನುತ್ತಾರೆ. ಇದು ಎದುರುಬದುರಾಗಿಟ್ಟ ಎರಡು ತಟ್ಟೆಗಳಂತಿದೆ. ಒಂದು ತಟ್ಟೆ ಸ್ಥಿರ, ಇನ್ನೊಂದು ಜಾರುವಂಥದ್ದು. ಜಾರುವ ತಟ್ಟೆಯ ಬೆನ್ನಿಗೆ ಸಾಮಾನ್ಯವಾಗಿ ಆರು ರೋಲರುಗಳಿರುತ್ತವೆ. ಎಂಜಿನ್ ವೇಗವಾಗಿ ತಿರುಗಿದಂತೆ ಈ ರೋಲರುಗಳು ಹೊರಕ್ಕೆ ಸರಿದು ತಟ್ಟೆಯನ್ನು ತಳ್ಳುತ್ತವೆ. ತಟ್ಟೆಗಳು ಹತ್ತಿರವಾದಾಗ ಬೆಲ್ಟ್ ಮೇಲಕ್ಕೇರುತ್ತದೆ. ಅದೇ ಹೊತ್ತಿಗೆ ಹಿಂದಿನ ಪುಲ್ಲಿಯ ತಟ್ಟೆಗಳು ಸ್ಪ್ರಿಂಗಿನ ಒತ್ತಡವನ್ನು ಮೀರಿ ಅಗಲಗೊಂಡು ಬೆಲ್ಟ್ ಅಲ್ಲಿ ಕೆಳಕ್ಕಿಳಿಯುತ್ತದೆ. ಒಂದನೇ ಗೇರಿನಿಂದ ನಾಲ್ಕನೇ ಗೇರಿಗೆ ಹೋದ ಪರಿಣಾಮ ಯಾರೂ ಗೇರು ಮುಟ್ಟದೆಯೇ ದೊರಕುತ್ತದೆ.

ಹಿಂದಿನ ಪುಲ್ಲಿಯ ಜೊತೆಗೇ ಕ್ಲಚ್ ಶೂಗಳು ತಿರುಗುತ್ತವೆ. ಅವುಗಳನ್ನು ಸುತ್ತುವರಿದಿರುವ ಬಟ್ಟಲಿನಾಕಾರದ ಭಾಗವೇ ಕ್ಲಚ್ ಡ್ರಮ್. ಎಂಜಿನ್ ನಿಮಿಷಕ್ಕೆ ಸುಮಾರು 1,500ರಿಂದ 1,900 ಸುತ್ತುಗಳಷ್ಟು ನಿಧಾನವಾಗಿ ಓಡುತ್ತಿರುವಾಗ ಶೂಗಳು ಡ್ರಮ್ಮನ್ನು ಮುಟ್ಟುವುದಿಲ್ಲ. ಆಕ್ಸಿಲರೇಟರ್ ತಿರುಗಿಸಿ ವೇಗ 3,000 ಸುತ್ತುಗಳ ಆಸುಪಾಸಿಗೆ ಬಂದಾಗ ಶೂಗಳು ಹೊರಚಾಚಿ ಡ್ರಮ್ಮನ್ನು ಹಿಡಿಯುತ್ತವೆ. ಡ್ರಮ್ ಹಿಂದಿರುವ ಚಿಕ್ಕ ಗೇರ್‌ಬಾಕ್ಸನ್ನೂ, ಗೇರ್‌ಬಾಕ್ಸ್ ಚಕ್ರವನ್ನೂ ತಿರುಗಿಸುತ್ತದೆ.

ಮೂರು ಸ್ಥಿತಿ, ಮೂರು ಗುಂಪು

ಈ ರಚನೆಯಲ್ಲಿಯೇ ರೋಗಪತ್ತೆಯ ಸೂತ್ರ ಅಡಗಿದೆ. ಎಲ್ಲ ಭಾಗಗಳೂ ಎಲ್ಲ ಹೊತ್ತಿನಲ್ಲಿಯೂ ತಿರುಗುವುದಿಲ್ಲ. ತಿರುಗದ ಭಾಗ ಸದ್ದು ಮಾಡಲಾರದು.

ಮೊದಲ ಸ್ಥಿತಿ: ಎಂಜಿನ್ ಚಾಲೂ ಇದೆ, ಸ್ಕೂಟರು ನಿಂತಿದೆ. ಆಗ ಮುಂದಿನ ಪುಲ್ಲಿ, ಬೆಲ್ಟ್, ಹಿಂದಿನ ಪುಲ್ಲಿ ಮತ್ತು ಕ್ಲಚ್ ಶೂಗಳು ತಿರುಗುತ್ತಿರುತ್ತವೆ. ಡ್ರಮ್, ಗೇರ್‌ಬಾಕ್ಸ್ ಮತ್ತು ಚಕ್ರ ಸ್ತಬ್ಧವಾಗಿರುತ್ತವೆ.

ಎರಡನೇ ಸ್ಥಿತಿ: ಎಂಜಿನ್ ಬಂದ್ ಆಗಿದೆ, ಮಧ್ಯದ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಲಾಗುತ್ತಿದೆ. ಆಗ ಚಕ್ರ, ಗೇರ್‌ಬಾಕ್ಸ್ ಮತ್ತು ಡ್ರಮ್ ಮಾತ್ರ ತಿರುಗುತ್ತವೆ. ಬೆಲ್ಟ್ ಮತ್ತು ಪುಲ್ಲಿಗಳು ಸುಮ್ಮನಿರುತ್ತವೆ.

ಮೂರನೇ ಸ್ಥಿತಿ: ಸ್ಕೂಟರು ಓಡುತ್ತಿದೆ. ಎಲ್ಲವೂ ತಿರುಗುತ್ತವೆ.

ಇವಲ್ಲದೆ ಒಂದನೆಯದರಿಂದ ಮೂರನೆಯದಕ್ಕೆ ದಾಟುವ ಒಂದೆರಡು ಸೆಕೆಂಡುಗಳ ಸಂಧಿಕಾಲವೊಂದಿದೆ. ಶೂಗಳು ಡ್ರಮ್ಮಿಗೆ ಉಜ್ಜಿ ಹಿಡಿತ ಸಾಧಿಸುವುದು ಆಗಲೇ. ಈ ನಾಲ್ಕು ಸಂದರ್ಭಗಳ ಪೈಕಿ ಯಾವುದರಲ್ಲಿ ಸದ್ದು ಬರುತ್ತದೆಂದು ತಿಳಿದರೆ ಅನುಮಾನದ ಪಟ್ಟಿ ಅರ್ಧಕ್ಕಿಂತಲೂ ಚಿಕ್ಕದಾಗುತ್ತದೆ.

ಪರೀಕ್ಷೆಯನ್ನು ಸಮತಟ್ಟಾದ ತೆರೆದ ಅಂಗಳದಲ್ಲಿಯೇ ಮಾಡಬೇಕು. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಚಾಲೂ ಇಟ್ಟರೆ ಹೊಗೆಯಲ್ಲಿನ ವಿಷಾನಿಲ ಪ್ರಾಣಾಂತಿಕವಾದೀತು. ಎಂಜಿನ್ ಓಡುತ್ತಿರುವಾಗ ಸೀರೆಯ ಸೆರಗು, ದುಪಟ್ಟಾ, ಮಕ್ಕಳ ಕೈ ಹಿಂದಿನ ಚಕ್ರದ ಬಳಿ ಸುಳಿಯಕೂಡದು.

ಮೊದಲು ಹೊರಗಿನ ಸದ್ದುಗಳನ್ನು ಹೊರಗಿಡಿ

ಪೆಟ್ಟಿಗೆ ಬಿಚ್ಚುವ ಮುನ್ನ ಹೊರಗಿನ ಶಂಕಿತರನ್ನು ವಿಚಾರಿಸಿಕೊಳ್ಳುವುದು ಜಾಣತನ. ಸಡಿಲವಾದ ಪ್ಲಾಸ್ಟಿಕ್ ಕವಚ, ಸೈಲೆನ್ಸರಿನ ಮೇಲಿನ ಲೋಹದ ಹೊದಿಕೆಯ ಬಿದ್ದುಹೋದ ಸ್ಕ್ರೂ, ಸ್ಟ್ಯಾಂಡಿನ ಸೋತ ಸ್ಪ್ರಿಂಗ್, ಡಿಕ್ಕಿಯೊಳಗೆ ಉರುಳಾಡುವ ಪಾನೆ ಇವೆಲ್ಲ ಬೆಲ್ಟಿನ ಸದ್ದಿನಂತೆಯೇ ಕೇಳಿಸಬಲ್ಲವು. ಶಂಕೆಯಿರುವ ಕವಚವನ್ನು ಕೈಯಿಂದ ಅದುಮಿ ಹಿಡಿದಾಗ ಸದ್ದು ನಿಂತರೆ ರೋಗ ಅಲ್ಲಿಯೇ ಇದೆ. ಸೈಲೆನ್ಸರನ್ನು ಮಾತ್ರ ಬಿಸಿಯಿದ್ದಾಗ ಮುಟ್ಟಬಾರದು. ಅದು ತಣ್ಣಗಿರುವಾಗಲೇ ಅಲುಗಿಸಿ ನೋಡಬೇಕು.

ಎಂಜಿನ್ ಆಯಿಲಿನ ಮಟ್ಟವನ್ನೂ ನೋಡಿಬಿಡಿ. ಆಯಿಲ್ ಕಡಿಮೆಯಾದಾಗ ಅಥವಾ ಟ್ಯಾಪೆಟ್ ಸಡಿಲವಾದಾಗ ಕೇಳುವ ಟಿಕಟಿಕ ಸದ್ದು ಎಂಜಿನ್ನಿನ ತಲೆಭಾಗದಿಂದ ಬರುತ್ತದೆಯೇ ಹೊರತು ಎಡಬದಿಯ ಪೆಟ್ಟಿಗೆಯಿಂದಲ್ಲ. ಸದ್ದಿನ ಜಾಗ ಗೊತ್ತಾಗದಿದ್ದರೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಪೆಟ್ಟಿಗೆಯ ಹೊರಮೈಗೆ ಮುಟ್ಟಿಸಿ, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ತಾಗಿಸಿ ಆಲಿಸುವ ಹಳೆಯ ಮೆಕ್ಯಾನಿಕರ ಉಪಾಯ ಇಂದಿಗೂ ಚಾಲ್ತಿಯಲ್ಲಿದೆ. ಮುಂತುದಿ, ನಡು, ಹಿಂತುದಿ ಹೀಗೆ ಮೂರು ಕಡೆ ಆಲಿಸಿದರೆ ಸದ್ದು ಎಲ್ಲಿ ಜೋರಾಗಿದೆ ಎಂಬುದು ಸ್ಪಷ್ಟವಾಗುತ್ತದೆ.

ನಿಂತಾಗ ಬರುವ ಸದ್ದು

ಸಿಗ್ನಲಿನಲ್ಲಿ ನಿಂತಾಗ ಪೆಟ್ಟಿಗೆಯ ಮುಂಭಾಗದಲ್ಲಿ ಗಡಗಡ ಎನ್ನುತ್ತಿದ್ದು, ಆಕ್ಸಿಲರೇಟರನ್ನು ತುಸು ತಿರುಗಿಸಿದೊಡನೆ ನಿಂತುಹೋಗುವ ಸದ್ದು ಬಹಳ ಸಾಮಾನ್ಯ. ಮುಂದಿನ ಪುಲ್ಲಿಯ ರೋಲರುಗಳು, ಅವುಗಳ ಹಿಂದಿನ ತಟ್ಟೆಯ ಅಂಚಿಗೆ ಸಿಕ್ಕಿಸಿರುವ ಸಣ್ಣ ಪ್ಲಾಸ್ಟಿಕ್ ತುಂಡುಗಳು ಅಥವಾ ಜಾರುವ ತಟ್ಟೆಯ ನಡುವಿನ ಬುಷ್ ಸವೆದಿರುವುದರ ಲಕ್ಷಣವಿದು. ವೇಗ ಕಡಿಮೆಯಿದ್ದಾಗ ಸವೆದ ಭಾಗಗಳು ಸಡಿಲಾಗಿ ಅಲ್ಲಾಡುತ್ತವೆ. ವೇಗ ಹೆಚ್ಚಿದಾಗ ಒತ್ತಡಕ್ಕೆ ಸಿಕ್ಕಿ ಗಟ್ಟಿಯಾಗಿ ಕುಳಿತುಕೊಳ್ಳುತ್ತವೆ. ಇದು ಅಂದೇ ಸ್ಕೂಟರು ನಿಲ್ಲಿಸಬೇಕಾದ ರೋಗವಲ್ಲ. ಆದರೆ ಬುಷ್ ಸವೆದ ತಟ್ಟೆ ಓರೆಯಾಗಿ ಜಾರುವುದರಿಂದ ಬೆಲ್ಟಿನ ಆಯುಸ್ಸು ಕುಗ್ಗುತ್ತದೆ.

ಪೆಟ್ಟಿಗೆಯ ಹಿಂಭಾಗದಲ್ಲಿ ನಿಂತಾಗ ಮಾತ್ರ ಗೊರಗೊರ ಸದ್ದಿದ್ದು, ಸ್ಕೂಟರು ಚಲಿಸಲಾರಂಭಿಸಿದೊಡನೆ ಅದು ಮಾಯವಾಗುವುದೂ ಉಂಟು. ಅನೇಕರನ್ನು ದಾರಿ ತಪ್ಪಿಸುವ ಸದ್ದಿದು. ಹಿಂದಿನ ಪುಲ್ಲಿಯು ಗೇರ್‌ಬಾಕ್ಸಿನ ದಂಡದ ಮೇಲೆ ಬೇರಿಂಗುಗಳ ಆಧಾರದಿಂದ ಕುಳಿತಿದೆ. ಸ್ಕೂಟರು ನಿಂತಿರುವಾಗ ಪುಲ್ಲಿ ತಿರುಗುತ್ತದೆ, ದಂಡ ನಿಂತಿರುತ್ತದೆ. ಆದಕಾರಣ ಬೇರಿಂಗ್ ಕೆಲಸ ಮಾಡುತ್ತಿರುತ್ತದೆ. ಕ್ಲಚ್ ಪೂರ್ತಿ ಹಿಡಿದ ಮೇಲೆ ಪುಲ್ಲಿಯೂ ದಂಡವೂ ಒಂದಾಗಿ ತಿರುಗುವುದರಿಂದ ಬೇರಿಂಗಿಗೆ ವಿಶ್ರಾಂತಿ. ಓಡುವಾಗ ಸದ್ದಿಲ್ಲವೆಂದ ಮಾತ್ರಕ್ಕೆ ಬೇರಿಂಗ್ ಚೆನ್ನಾಗಿದೆಯೆಂದು ತಿಳಿಯಬಾರದು ಎಂಬುದಕ್ಕೆ ಇದು ನಿದರ್ಶನ.

ನಿಂತಲ್ಲಿಯೇ ಟಪ್, ಟಪ್ ಎಂದು ತಾಳಬದ್ಧವಾಗಿ ಬಡಿಯುವ ಸದ್ದು ಕೇಳಿದರೆ ಎಚ್ಚರ ವಹಿಸಬೇಕು. ನಿಧಾನಗತಿಯಲ್ಲಿ ಎಂಜಿನ್ ಹಲವು ಸುತ್ತು ತಿರುಗಿದಾಗ ಬೆಲ್ಟ್ ಒಂದು ಸುತ್ತು ಪೂರೈಸುತ್ತದೆ. ಹೀಗಾಗಿ ಎಂಜಿನ್ನಿನ ಬಡಿತಕ್ಕಿಂತ ಬಹಳ ನಿಧಾನವಾದ, ಎಣಿಸಲು ಸಾಧ್ಯವಾಗುವಂಥ ಬಡಿತವಿದ್ದರೆ ಅದು ಬೆಲ್ಟಿನದೇ ಇರಬಹುದು. ಅಂಚಿನ ನೂಲು ಕಿತ್ತು ಅಥವಾ ಹಲ್ಲೊಂದು ಹರಿದು ಪೆಟ್ಟಿಗೆಯ ಗೋಡೆಗೆ ತಾಗುತ್ತಿರಬಹುದು.

ಹೊರಡುವಾಗ ಬರುವ ಸದ್ದು

ನಿಂತಲ್ಲಿಂದ ಹೊರಡುವ ಕ್ಷಣದಲ್ಲಿ ಕೀಚ್ ಎಂದು ಕಿರುಚಿ, ಸ್ಕೂಟರು ನಡುಗಿ ಮುಂದಕ್ಕೆ ಹೋಗಿ, ಆಮೇಲೆ ಎಲ್ಲವೂ ಶಾಂತವಾಗುವುದಾದರೆ ಸಂಶಯ ಕ್ಲಚ್ ಶೂ ಮತ್ತು ಡ್ರಮ್ಮಿನ ಮೇಲೆ. ಶೂಗಳ ಮೈ ಬಿಸಿಗೆ ಗಾಜಿನಂತೆ ನುಣುಪಾಗಿರುವುದು, ಅವುಗಳ ಹುಡಿ ಡ್ರಮ್ಮಿನೊಳಗೆ ಕೂತಿರುವುದು, ಡ್ರಮ್ಮಿನ ಒಳಮೈ ನೀಲಿಗಟ್ಟಿ ಆಕಾರ ಕೆಟ್ಟಿರುವುದು ಇದಕ್ಕೆ ಕಾರಣ. ಮೊದಲೆರಡು ಕಾರಣಗಳಾದರೆ ಬಿಚ್ಚಿ ಶುಚಿಗೊಳಿಸಿ ಶೂಗಳ ಮೈಯನ್ನು ಹದವಾಗಿ ಉಜ್ಜಿದರೆ ಸಾಕಾಗಬಹುದು. ಡ್ರಮ್ಮಿನ ಆಕಾರವೇ ಕೆಟ್ಟಿದ್ದರೆ ಬದಲಿಸದೆ ಗತಿಯಿಲ್ಲ.

ನಮ್ಮ ಊರಿನಲ್ಲಿ ಈ ರೋಗ ಬೇಗ ತಗಲುವುದಕ್ಕೆ ಒಂದು ಚಾಳಿಯೂ ಕಾರಣ. ಹಂಪನಕಟ್ಟೆಯಿಂದ ಬಾವುಟಗುಡ್ಡೆಗೆ ಏರುವಾಗ, ಪಂಪ್‌ವೆಲ್‌ನಿಂದ ನಂತೂರಿನತ್ತ ಹತ್ತುವಾಗ ವಾಹನಗಳ ಸಾಲು ನಿಂತುಬಿಡುವುದು ದಿನನಿತ್ಯದ ಮಾತು. ಆಗ ಬಹಳಷ್ಟು ಸವಾರರು ಬ್ರೇಕ್ ಹಿಡಿಯುವ ಬದಲು ಆಕ್ಸಿಲರೇಟರನ್ನು ಅಷ್ಟಿಷ್ಟು ತಿರುಗಿಸಿ ಸ್ಕೂಟರು ಹಿಂದೆ ಜಾರದಂತೆ ನಿಲ್ಲಿಸಿಕೊಳ್ಳುತ್ತಾರೆ. ಈ ಸ್ಥಿತಿಯಲ್ಲಿ ಶೂಗಳು ಡ್ರಮ್ಮನ್ನು ಪೂರ್ತಿ ಹಿಡಿಯದೆ ಉಜ್ಜುತ್ತಲೇ ಇರುತ್ತವೆ. ಇಬ್ಬರು ಕುಳಿತ ಭಾರವನ್ನು ಏರಿನಲ್ಲಿ ಹೀಗೆ ಹಿಡಿದಿಟ್ಟರೆ ಹುಟ್ಟುವ ಕಾವು ಸಾಮಾನ್ಯದ್ದಲ್ಲ. ಏರಿನಲ್ಲಿ ನಿಂತಾಗ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಹಿಂದಿನ ಬ್ರೇಕ್ ಹಿಡಿಯುವುದು ಕ್ಲಚ್ಚಿಗೆ ಮಾಡುವ ದೊಡ್ಡ ಉಪಕಾರ.

ಎಂಜಿನ್ ಜೋರಾಗಿ ಕೂಗುತ್ತದೆ, ಸ್ಕೂಟರು ಮಾತ್ರ ಅದಕ್ಕೆ ತಕ್ಕಂತೆ ಓಡುವುದಿಲ್ಲ ಎಂಬ ದೂರು ಬೇರೆ ಬಗೆಯದು. ಇದು ಕ್ಲಚ್ ಇಲ್ಲವೇ ಬೆಲ್ಟ್ ಜಾರುತ್ತಿರುವುದರ ಚಿಹ್ನೆ. ಬೆಲ್ಟ್ ಸವೆದು ಅಗಲ ಕಡಿಮೆಯಾಗಿರಬಹುದು. ಪೆಟ್ಟಿಗೆಯೊಳಗೆ ನೀರು ನುಗ್ಗಿರಬಹುದು. ಎಂಜಿನ್ನಿನ ಸೀಲ್ ಸೋರಿ ಆಯಿಲ್ ಬೆಲ್ಟಿಗೆ ತಗಲಿರಬಹುದು. ಆಯಿಲ್ ತಗಲಿದ್ದರೆ ಸೀಲ್ ಸರಿಪಡಿಸದೆ ಹೊಸ ಬೆಲ್ಟ್ ಹಾಕುವುದು ವ್ಯರ್ಥ ವೆಚ್ಚ.

ಓಡುವಾಗ ಬರುವ ಸದ್ದು

ಓಟದಲ್ಲಿ ಎಲ್ಲ ಭಾಗಗಳೂ ತಿರುಗುವುದರಿಂದ ಸದ್ದಿನ ಮೂಲ ಹುಡುಕುವುದು ಕಠಿಣ. ಇಲ್ಲಿ ಸಹಾಯಕ್ಕೆ ಬರುವ ಪ್ರಶ್ನೆ: ಸದ್ದಿನ ಲಯ ಎಂಜಿನ್ನಿನ ಕೂಗನ್ನು ಹಿಂಬಾಲಿಸುತ್ತದೆಯೇ, ಚಕ್ರದ ವೇಗವನ್ನು ಹಿಂಬಾಲಿಸುತ್ತದೆಯೇ?

ವಾಹನ ಸಂಚಾರವಿಲ್ಲದ ಸಮತಟ್ಟು ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ವೇಗದಲ್ಲಿ ಹೋಗುತ್ತ ಆಕ್ಸಿಲರೇಟರನ್ನು ಮೆಲ್ಲನೆ ಬಿಟ್ಟುಬಿಡಿ. ಎಂಜಿನ್ನಿನ ಕೂಗು ಇಳಿದೊಡನೆ ಸದ್ದೂ ಇಳಿದರೆ ಮುಂದಿನ ಪುಲ್ಲಿ ಅಥವಾ ಬೆಲ್ಟಿನ ಕಡೆ ಸಂಶಯಪಡಬೇಕು. ಎಂಜಿನ್ ತಣ್ಣಗಾದರೂ ಗುಂಯ್‌ಗುಡುವಿಕೆ ಮುಂದುವರಿದು, ಸ್ಕೂಟರು ನಿಧಾನಿಸಿದಂತೆ ಮಾತ್ರ ಇಳಿಯುತ್ತಾ ಹೋದರೆ ಗೇರ್‌ಬಾಕ್ಸ್ ಇಲ್ಲವೇ ಚಕ್ರದ ಬೇರಿಂಗಿನ ಕಡೆ ನೋಡಬೇಕು. ಓಡುತ್ತಿರುವಾಗ ಎಂಜಿನ್ ಬಂದ್ ಮಾಡಿ ಪರೀಕ್ಷಿಸುವ ಸಾಹಸಕ್ಕೆ ಯಾರೂ ಇಳಿಯಬಾರದು.

ರೋಲರುಗಳು ದುಂಡಗಿರಬೇಕು. ಒಂದು ಮಗ್ಗುಲು ಚಪ್ಪಟೆಯಾದರೆ ಅವು ಉರುಳದೆ ಜಾರುತ್ತವೆ, ಇಲ್ಲವೇ ಅಲ್ಲಲ್ಲಿ ಸಿಕ್ಕಿಬೀಳುತ್ತವೆ. ಆಗ ಸದ್ದಿನ ಜೊತೆ ವೇಗ ಏರುವಾಗ ತಡೆತಡೆದು ಎಳೆದಂತಾಗುತ್ತದೆ. ಮೊದಲು ಸಲೀಸಾಗಿ ಸಿಗುತ್ತಿದ್ದ ಗರಿಷ್ಠ ವೇಗ ಸಿಗದೇಹೋಗುತ್ತದೆ. ರೋಲರುಗಳನ್ನು ಬದಲಿಸುವಾಗ ಎಲ್ಲವನ್ನೂ ಒಟ್ಟಿಗೇ, ಕಂಪನಿ ಹೇಳಿದ ತೂಕದವುಗಳನ್ನೇ ಹಾಕಿಸಬೇಕು. ಹೊಸತು ಹಳತು ಬೆರೆಸಿದರೆ ತಟ್ಟೆಯ ಮೇಲಿನ ಒತ್ತಡ ಸಮವಾಗಿರದು.

ಚಕ್ರದ ಬದಿಯ ಸದ್ದು

ಎರಡನೇ ಸ್ಥಿತಿಯ ಪರೀಕ್ಷೆ ಬಲು ಸುಲಭ ಮತ್ತು ಖರ್ಚಿಲ್ಲದ್ದು. ಎಂಜಿನ್ ಬಂದ್ ಮಾಡಿ, ಬೀಗದಕೈ ತೆಗೆದು, ಮಧ್ಯದ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರವನ್ನು ತಿರುಗಿಸಿ. ಸುತ್ತಿಗೊಮ್ಮೆ ಉಜ್ಜಿದ ಸದ್ದು ಬಂದರೆ ಬ್ರೇಕ್ ಶೂ ತಾಗುತ್ತಿರಬಹುದು. ಕಲ್ಲು ಬೀಸಿದಂತೆ ಎಡೆಬಿಡದ ಗರಗರ ಸದ್ದು ಬಂದರೆ, ಅಥವಾ ಚಕ್ರವನ್ನು ಎರಡೂ ಕೈಗಳಿಂದ ಹಿಡಿದು ಅಲುಗಿಸಿದಾಗ ಸಡಿಲು ಗೋಚರಿಸಿದರೆ ಬೇರಿಂಗ್ ಹೋಗಿದೆಯೆಂದು ಊಹಿಸಬಹುದು. ಈ ಸದ್ದಿಗೂ ಬೆಲ್ಟಿಗೂ ಸಂಬಂಧವೇ ಇಲ್ಲ, ಏಕೆಂದರೆ ಬೆಲ್ಟ್ ಆಗ ತಿರುಗುತ್ತಲೇ ಇಲ್ಲ. ಇಷ್ಟು ತಿಳಿದಿದ್ದರೆ 'ಬೆಲ್ಟ್ ಬದಲಿಸಿ ನೋಡೋಣ' ಎಂಬ ಮಾತಿಗೆ ಸವಾರ ತಲೆಯಾಡಿಸಬೇಕಾಗಿಲ್ಲ.

ಗೇರ್‌ಬಾಕ್ಸಿಗೆ ಎಂಜಿನ್ನಿನದಲ್ಲದ ಪ್ರತ್ಯೇಕ ಆಯಿಲ್ ಇದೆಯೆಂಬುದು ಹಲವರಿಗೆ ತಿಳಿದಿಲ್ಲ. ಒಂದು ಸಣ್ಣ ಲೋಟದಷ್ಟಿರುವ ಈ ಆಯಿಲ್ ವರ್ಷಗಟ್ಟಲೆ ಬದಲಾಗದೆ ಉಳಿಯುವುದುಂಟು. ಹಿಂದಿನ ಚಕ್ರದ ಬಳಿ ಆಯಿಲಿನ ಕಲೆ ಕಂಡರೆ, ಬಸಿದ ಆಯಿಲಿನಲ್ಲಿ ಲೋಹದ ಹೊಳಪು ಚೂರುಗಳಿದ್ದರೆ, ಅಥವಾ ಅದು ಹಾಲು ಬೆರೆಸಿದ ಚಹಾದಂತೆ ಬೆಳ್ಳಗಾಗಿದ್ದರೆ ಸದ್ದಿಗೆ ಕಾಯದೆ ಪರೀಕ್ಷಿಸಿಕೊಳ್ಳಬೇಕು. ಬೆಳ್ಳಗಾಗಿರುವುದೆಂದರೆ ನೀರು ಸೇರಿದೆಯೆಂದೇ ಅರ್ಥ.

ಕಿಕ್ಕರ್ ಮತ್ತು ಸೆಲ್ಫ್

ಸ್ಟಾರ್ಟ್ ಮಾಡುವ ಕ್ಷಣದಲ್ಲಿ ಮಾತ್ರ ಕೇಳುವ ಸದ್ದನ್ನು ಬೆಲ್ಟಿನ ಲೆಕ್ಕಕ್ಕೆ ಸೇರಿಸಬಾರದು. ಸೆಲ್ಫ್ ಗುಂಡಿ ಒತ್ತಿದಾಗ ಕರ್ರೆಂದು ಹಲ್ಲು ಕಡಿದಂಥ ಸದ್ದು ಬಂದರೆ ಸ್ಟಾರ್ಟರಿನ ಗೇರು ಇಲ್ಲವೇ ಅದರ ಕ್ಲಚ್ ಸವೆದಿರಬೇಕು. ಬ್ಯಾಟರಿ ಸೋತಿದ್ದರೂ ಇಂಥ ಸದ್ದು ಬಂದೀತು. ಕಿಕ್ಕರ್ ತುಳಿದ ಮೇಲೆ ಅದು ಪೂರ್ತಿ ಹಿಂದಿರುಗದೆ ಕಿರಕಿರ ಎನ್ನುತ್ತಿದ್ದರೆ ಕಾಲಿನಿಂದ ಮೆಲ್ಲಗೆ ಮೇಲೆತ್ತಿ ನೋಡಿ. ಸದ್ದು ನಿಂತರೆ ಕಿಕ್ಕರಿನ ದಂಡದಲ್ಲಿ ಗ್ರೀಸ್ ಒಣಗಿದೆ ಅಥವಾ ಸ್ಪ್ರಿಂಗ್ ಸೋತಿದೆ ಎಂದು ತಿಳಿಯಬೇಕು. ಸೆಲ್ಫ್ ಇರುವ ಸ್ಕೂಟರಿನಲ್ಲಿ ತಿಂಗಳುಗಟ್ಟಲೆ ಕಿಕ್ಕರ್ ಮುಟ್ಟದಿರುವುದೇ ಇದು ಜಡ್ಡುಗಟ್ಟಲು ಕಾರಣ.

ಮಳೆ, ಮಣ್ಣು, ಉಪ್ಪುಗಾಳಿ

ವರ್ಷಕ್ಕೆ ಸರಾಸರಿ 3,500 ಮಿ.ಮೀ. ಆಸುಪಾಸು ಮಳೆ ಸುರಿಯುವ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬೀಳುವ ಊರಿನಲ್ಲಿ ಈ ಪೆಟ್ಟಿಗೆ ಪಡುವ ಪಾಡು ಬಯಲುಸೀಮೆಯ ಸ್ಕೂಟರುಗಳಿಗಿಲ್ಲ. ಬೆಲ್ಟನ್ನು ತಂಪಾಗಿಡಲು ಹೊರಗಿನ ಗಾಳಿಯನ್ನು ಒಳಗೆಳೆಯುವ ದಾರಿಯೊಂದು ಪೆಟ್ಟಿಗೆಯಲ್ಲಿರುತ್ತದೆ. ನಿಂತ ನೀರಿನಲ್ಲಿ ಆಳವಾಗಿ ಸಾಗಿದರೆ ಅದೇ ದಾರಿಯಲ್ಲಿ ನೀರೂ ಒಳಸೇರುತ್ತದೆ.

2018ರ ಮೇ 29ರಂದು ನಗರವನ್ನು ಮುಳುಗಿಸಿದ ಮಳೆಯನ್ನು ಮಂಗಳೂರಿಗರು ಮರೆತಿಲ್ಲ. ಅಂಥ ಅಸಾಧಾರಣ ದಿನವೇ ಆಗಬೇಕೆಂದಿಲ್ಲ. ಕೊಟ್ಟಾರಚೌಕಿ, ಪಂಪ್‌ವೆಲ್‌ನಂಥ ತಗ್ಗುಗಳಲ್ಲಿ ಒಂದು ಜಡಿಮಳೆಗೇ ನೀರು ನಿಲ್ಲುವುದುಂಟು. ನೀರು ಸೇರಿದಾಗ ಬೆಲ್ಟ್ ಜಾರಿ ಕಿರುಚುತ್ತದೆ, ಎಂಜಿನ್ ಕೂಗಿದರೂ ಸ್ಕೂಟರು ತೆವಳುತ್ತದೆ. ಆಗ ಹಠಕ್ಕೆ ಬಿದ್ದು ಆಕ್ಸಿಲರೇಟರ್ ತಿರುವಿದರೆ ಬೆಲ್ಟ್ ಸುಟ್ಟುಹೋಗುತ್ತದೆ. ಬದಿಗೆ ನಿಲ್ಲಿಸಬೇಕು. ಹಲವು ಸ್ಕೂಟರುಗಳಲ್ಲಿ ಪೆಟ್ಟಿಗೆಯ ಕೆಳಗೆ ನೀರು ಬಸಿಯಲು ಬಿರಡೆ ಹಾಕಿದ ಸಣ್ಣ ಕೊಳವೆಯಿರುತ್ತದೆ. ಅದನ್ನು ತೆರೆದರೆ ಒಳಗಿನ ನೀರು ಹೊರಬೀಳುತ್ತದೆ. ಎಂಜಿನ್ನೊಳಗೇ ನೀರು ಹೋಗಿರುವ ಶಂಕೆಯಿದ್ದರೆ ಸ್ಟಾರ್ಟ್ ಮಾಡುವ ಪ್ರಯತ್ನವನ್ನೇ ಕೈಬಿಟ್ಟು ಗ್ಯಾರೇಜಿಗೆ ತಳ್ಳಿಕೊಂಡು ಹೋಗುವುದು ಲೇಸು.

ನೀರು ಆರಿದೊಡನೆ ಸಮಸ್ಯೆ ಮುಗಿಯಿತೆಂದು ಭಾವಿಸುವುದು ಸರಿಯಲ್ಲ. ಮುರಕಲ್ಲಿನ ನೆಲದಿಂದ ಹರಿದುಬರುವ ಕೆಂಪುನೀರು ಆರಿದ ಮೇಲೆ ನುಣ್ಣನೆಯ ಮಣ್ಣನ್ನು ಪುಲ್ಲಿಗಳ ಮೇಲೆ ಬಿಟ್ಟುಹೋಗುತ್ತದೆ. ಅದು ಉಜ್ಜುಕಾಗದದಂತೆ ವರ್ತಿಸಿ ಬೆಲ್ಟನ್ನೂ ತಟ್ಟೆಯನ್ನೂ ಸವೆಸುತ್ತದೆ. ನೆರೆನೀರು ದಾಟಿದ ಸ್ಕೂಟರಿನ ಪೆಟ್ಟಿಗೆಯನ್ನು ಆ ವಾರದಲ್ಲಿಯೇ ಬಿಚ್ಚಿ ಶುಚಿಗೊಳಿಸಿಕೊಳ್ಳುವುದು ಒಳ್ಳೆಯದು.

ಇನ್ನು ಪಣಂಬೂರು, ಉಳ್ಳಾಲ, ಸೋಮೇಶ್ವರದಂಥ ಕಡಲತಡಿಯ ಮನೆಗಳಲ್ಲಿ ರಾತ್ರಿಯಿಡೀ ಹೊರಗೆ ನಿಂತ ಸ್ಕೂಟರು ಬೆಳಗ್ಗೆ ಮೊದಲ ಒಂದೆರಡು ಬಾರಿ ಹೊರಡುವಾಗ ಕಿರುಚಿ ಅನಂತರ ಸುಮ್ಮನಾಗುವುದು ಆಟಿ ತಿಂಗಳಿನಲ್ಲಿ ಸರ್ವೇಸಾಮಾನ್ಯ. ತೇವಾಂಶ ಮತ್ತು ಉಪ್ಪುಗಾಳಿಗೆ ಡ್ರಮ್ಮಿನ ಒಳಮೈಯಲ್ಲಿ ತೆಳುವಾದ ತುಕ್ಕು ಹಿಡಿದಿರುತ್ತದೆ. ಶೂಗಳು ಅದನ್ನು ಒರೆಸಿಹಾಕುತ್ತವೆ. ಇದಕ್ಕೆ ಗಾಬರಿ ಬೇಡ. ಮಧ್ಯಾಹ್ನದ ಬಿಸಿಲಿನಲ್ಲಿಯೂ ಅದೇ ಕಿರುಚಾಟವಿದ್ದರೆ ಮಾತ್ರ ಬಿಚ್ಚಿಸಿ ನೋಡಬೇಕು.

ಮಾಡಬಾರದ ಮದ್ದುಗಳು

ಕಿರುಚುವ ಬೆಲ್ಟಿಗೆ ಗ್ರೀಸ್, ತೆಂಗಿನೆಣ್ಣೆ, ಸಾಬೂನು, ಪೌಡರ್ ಹಚ್ಚುವ ಸಲಹೆ ಕೊಡುವವರಿದ್ದಾರೆ. ಬೆಲ್ಟ್ ಕೆಲಸ ಮಾಡುವುದೇ ಘರ್ಷಣೆಯ ಬಲದಿಂದ. ಅದನ್ನು ಜಾರುವಂತೆ ಮಾಡಿದರೆ ಸದ್ದು ಒಂದು ದಿನ ಅಡಗೀತು, ಬೆಲ್ಟ್ ಒಂದು ತಿಂಗಳಲ್ಲಿ ಹಾಳಾದೀತು. ಪೆಟ್ಟಿಗೆಯೊಳಗೆ ಗ್ರೀಸ್ ಬೇಕಾದ ಜಾಗಗಳು ಕೆಲವಿವೆ. ಹಿಂದಿನ ಪುಲ್ಲಿಯ ಒಳಗಿನ ಗೂಟಗಳು, ಬೇರಿಂಗ್, ಕಿಕ್ಕರಿನ ದಂಡ ಅಂಥವು. ಅಲ್ಲಿಯೂ ಅಳತೆ ಮೀರಿದರೆ ಗ್ರೀಸ್ ಚಿಮ್ಮಿ ಬೆಲ್ಟಿಗೋ ಡ್ರಮ್ಮಿಗೋ ತಗಲುತ್ತದೆ.

ಪೆಟ್ಟಿಗೆಯೊಳಗಿನ ಕಪ್ಪು ಹುಡಿಯನ್ನು ಬಾಯಿಂದ ಊದಿ ತೆಗೆಯುವ ಅಭ್ಯಾಸವೂ ಅಪಾಯಕಾರಿ. ಕ್ಲಚ್ ಶೂವಿನ ಹುಡಿ ಶ್ವಾಸಕೋಶಕ್ಕೆ ಹಿತವಲ್ಲ. ಒದ್ದೆಬಟ್ಟೆಯಿಂದ ಒರೆಸುವುದೇ ಸುರಕ್ಷಿತ. ಎಂಜಿನ್ನಿನ ನಿಧಾನಗತಿಯನ್ನು ಅನಗತ್ಯವಾಗಿ ಹೆಚ್ಚಿಸಿಟ್ಟುಕೊಳ್ಳುವುದೂ ತರವಲ್ಲ; ಆಗ ಶೂಗಳು ನಿಂತಲ್ಲಿಯೂ ಡ್ರಮ್ಮಿಗೆ ತಾಗಿ ಬಿಸಿಯಾಗುತ್ತಿರುತ್ತವೆ.

ಗ್ಯಾರೇಜಿನಲ್ಲಿ ಏನು ಹೇಳಬೇಕು, ಏನು ಕೇಳಬೇಕು?

ಸದ್ದು ನಿಂತಾಗಲೋ, ಹೊರಡುವಾಗಲೋ, ಓಡುವಾಗಲೋ, ಆಕ್ಸಿಲರೇಟರ್ ಬಿಟ್ಟಾಗಲೋ. ಎಂಜಿನ್ ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ. ಕೈಯಿಂದ ಚಕ್ರ ತಿರುಗಿಸಿದಾಗಲೂ ಬರುತ್ತದೆಯೋ ಇಲ್ಲವೋ. ಬೆಲ್ಟ್ ಕೊನೆಯ ಬಾರಿ ಬದಲಿಸಿದ್ದು ಎಷ್ಟು ಕಿ.ಮೀ.ಗೆ ಎಂಬಿಷ್ಟನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಅನುಭವಿ ಮೆಕ್ಯಾನಿಕ್ ಅರ್ಧ ಕೆಲಸ ಮುಗಿಯಿತೆಂದು ಸಂತೋಷಪಡುತ್ತಾನೆ. ಸಾಧ್ಯವಾದರೆ ಸದ್ದು ಬರುವ ಹೊತ್ತಿನಲ್ಲಿಯೇ ಮೊಬೈಲಿನಲ್ಲಿ ಧ್ವನಿಮುದ್ರಣ ಮಾಡಿಕೊಳ್ಳುವುದೂ ಉಪಯುಕ್ತ. ಗ್ಯಾರೇಜಿನ ಮುಂದೆ ಸದ್ದು ನಾಪತ್ತೆಯಾಗುವುದು ಸ್ಕೂಟರುಗಳ ಹುಟ್ಟುಗುಣ.

ಪೆಟ್ಟಿಗೆ ಬಿಚ್ಚಿದಾಗ ಹತ್ತಿರ ನಿಂತು ನೋಡುವುದರಲ್ಲಿ ಸಂಕೋಚ ಬೇಡ. ಬೆಲ್ಟಿನ ಅಗಲವನ್ನು ವರ್ನಿಯರ್‌ನಿಂದ ಅಳೆದು ಕಂಪನಿ ಗೊತ್ತುಪಡಿಸಿದ ಕನಿಷ್ಠ ಮಿತಿಯೊಂದಿಗೆ ಹೋಲಿಸಲು ಕೇಳಿ. ಬೆಲ್ಟನ್ನು ಹಿಮ್ಮುಖವಾಗಿ ಬಾಗಿಸಿದಾಗ ಹಲ್ಲುಗಳ ಬುಡದಲ್ಲಿ ಬಿರುಕು ಕಾಣುತ್ತದೆಯೇ, ಅಂಚಿನಲ್ಲಿ ನೂಲು ಎದ್ದಿದೆಯೇ ಎಂದು ಕಣ್ಣಾರೆ ನೋಡಬಹುದು. ಸಾಮಾನ್ಯವಾಗಿ 20ರಿಂದ 25 ಸಾವಿರ ಕಿ.ಮೀ. ನಡುವೆ ಬೆಲ್ಟ್ ಬದಲಾವಣೆಗೆ ಬರುತ್ತದೆ. ನಿಖರವಾದ ಅವಧಿ ಆಯಾ ಸ್ಕೂಟರಿನ ಕೈಪಿಡಿಯಲ್ಲಿರುತ್ತದೆ. ಏರುದಾರಿ, ಹಿಂಬದಿ ಸವಾರ, ಮಳೆನೀರುಗಳಿರುವ ನಮ್ಮಲ್ಲಿ ಆ ಅವಧಿಗೆ ಮುನ್ನವೇ ಒಮ್ಮೆ ಬಿಚ್ಚಿ ನೋಡಿಸುವುದು ಕ್ಷೇಮ.

ಹೊಸ ಬೆಲ್ಟ್ ಹಾಕುವ ರೀತಿಯೂ ಮುಖ್ಯ. ಹಿಂದಿನ ಪುಲ್ಲಿಯನ್ನು ಅಗಲಿಸಿ ಬೆಲ್ಟನ್ನು ಒಳಕ್ಕಿಳಿಸಿ, ಮುಂದೆ ಅದು ಸಡಿಲವಾಗಿರುವಾಗ ನಟ್ಟನ್ನು ಬಿಗಿಯಬೇಕು. ಬೆಲ್ಟ್ ಮುಂದಿನ ತಟ್ಟೆಗಳ ನಡುವೆ ಸಿಕ್ಕಿಕೊಂಡಿರುವಾಗಲೇ ನಟ್ ಬಿಗಿದರೆ, ಎಂಜಿನ್ ತಿರುಗಿದಾಗ ನಟ್ ಸಡಿಲಗೊಂಡು ದಂಡದ ಹಲ್ಲುಗಳೇ ಸವೆದುಹೋದಾವು. ಬೆಲ್ಟ್ ಬದಲಿಸಿದ ಕೆಲವೇ ದಿನಗಳಲ್ಲಿ ಮುಂಭಾಗದಿಂದ ಖಟಖಟ ಸದ್ದು ಆರಂಭವಾದರೆ ಓಡಿಸುವುದನ್ನು ನಿಲ್ಲಿಸಿ ಈ ನಟ್ಟನ್ನು ಪರೀಕ್ಷಿಸಲು ಹೇಳಬೇಕು. ಬಾಣದ ಗುರುತಿರುವ ಬೆಲ್ಟ್‌ಗಳಲ್ಲಿ ಆ ದಿಕ್ಕನ್ನು ಪಾಲಿಸಬೇಕು. ತೆಗೆದ ಹಳೆಯ ಭಾಗಗಳನ್ನು ಕೇಳಿ ಪಡೆದು ನೋಡುವುದು ಗ್ರಾಹಕನ ಹಕ್ಕು.

ಈಚಿನ ಕೆಲವು ವಿದ್ಯುತ್ ಸ್ಕೂಟರುಗಳಲ್ಲಿಯೂ ಬೆಲ್ಟ್ ಇದೆ. ಆದರೆ ಅದು ಹಲ್ಲುಗಳಿರುವ, ಅಳತೆ ಬದಲಾಗದ ಬೆಲ್ಟ್. ರೋಲರ್, ಕ್ಲಚ್ ಶೂಗಳ ರಗಳೆ ಅದರಲ್ಲಿಲ್ಲ. ಅದರ ಕೀಚಲು ಸದ್ದಿಗೆ ಬಹುತೇಕ ಧೂಳು, ಬಿಗಿತ ಅಥವಾ ಚಕ್ರದ ಓರೆಯೇ ಕಾರಣ. ಮೇಲೆ ಹೇಳಿದ ಪರೀಕ್ಷೆಗಳನ್ನು ಅವುಗಳಿಗೆ ಹಾಗೆಯೇ ಅನ್ವಯಿಸುವಂತಿಲ್ಲ.

ಕೂಡಲೇ ನಿಲ್ಲಿಸಬೇಕಾದ ಲಕ್ಷಣಗಳು

ಎಲ್ಲ ಸದ್ದುಗಳೂ ಸಮಾನವಲ್ಲ. ನಿಂತಾಗಿನ ಗಡಗಡ ಮುಂದಿನ ಸರ್ವಿಸ್ ತನಕ ಕಾದೀತು. ಆದರೆ ತಾಳಬದ್ಧವಾದ ಟಪಟಪ ಬಡಿತ, ಸುಟ್ಟ ರಬ್ಬರಿನ ವಾಸನೆ, ಲೋಹಕ್ಕೆ ಲೋಹ ತಾಗಿದ ಖಣಖಣ, ಚಕ್ರದ ಸಡಿಲು ಇವುಗಳಲ್ಲಿ ಯಾವುದೊಂದಿದ್ದರೂ ಹೆದ್ದಾರಿಗಿಳಿಯಬಾರದು. ಬೆಲ್ಟ್ ತುಂಡಾದರೆ ಎಂಜಿನ್ ಚಾಲೂ ಇದ್ದರೂ ಚಕ್ರಕ್ಕೆ ಶಕ್ತಿ ಮುಟ್ಟದು. ತುಂಡುಗಳು ಸಿಕ್ಕಿಕೊಂಡು ಇತರ ಭಾಗಗಳನ್ನು ಹಾಳುಗೆಡಹುವುದೂ ಅಪರೂಪಕ್ಕೆ ಉಂಟು. ಪಂಪ್‌ವೆಲ್ ಮೇಲ್ಸೇತುವೆಯ ಮೇಲೋ, ನೇತ್ರಾವತಿ ಸೇತುವೆಯ ನಡುವೆಯೋ, ಹಿಂದೆ ವೇಗದ ಬಸ್ಸು ಬರುತ್ತಿರುವಾಗ ಸ್ಕೂಟರು ಹಠಾತ್ತನೆ ಶಕ್ತಿ ಕಳೆದುಕೊಂಡರೆ ಆಗುವ ಅನಾಹುತವನ್ನು ಊಹಿಸಿಕೊಳ್ಳಬಹುದು.

ಹಾಗೇನಾದರೂ ಆದಲ್ಲಿ ಆಕ್ಸಿಲರೇಟರ್ ಬಿಟ್ಟು, ಎಡಗಡೆಯ ಸೂಚಕ ದೀಪ ಹಾಕಿ, ಉಳಿದ ವೇಗದಲ್ಲಿಯೇ ರಸ್ತೆಯಂಚಿಗೆ ಸರಿಯಬೇಕು. ಮತ್ತೆ ಮತ್ತೆ ಆಕ್ಸಿಲರೇಟರ್ ತಿರುವಿ ಪ್ರಯೋಜನವಿಲ್ಲ. ಬೆಲ್ಟ್ ತುಂಡಾದ ಸ್ಕೂಟರನ್ನು ಸಾಮಾನ್ಯವಾಗಿ ಸುಲಭವಾಗಿ ತಳ್ಳಬಹುದು. ಚಕ್ರ ಬಿಗಿಯಾಗಿದ್ದರೆ ಬಲವಂತ ಮಾಡದೆ ನೆರವು ಕರೆಸಿಕೊಳ್ಳುವುದು ಒಳಿತು.

ಬೆಲ್ಟ್ ಹೇಳದೆಕೇಳದೆ ತುಂಡಾಯಿತು ಎಂಬ ಮಾತನ್ನು ಆಗಾಗ ಕೇಳುತ್ತೇವೆ. ಹೆಚ್ಚಿನ ಸಂದರ್ಭಗಳಲ್ಲಿ ಅದು ವಾರಗಳ ಮೊದಲೇ ಹೇಳಿರುತ್ತದೆ, ಆದರೆ ಹೆಲ್ಮೆಟ್ಟಿನೊಳಗಿನ ಕಿವಿಗೆ ಅದು ಬೀಳುವುದಿಲ್ಲ. ತಿಂಗಳಿಗೊಮ್ಮೆ ಬೆಳಗ್ಗೆ ಹೊರಡುವ ಮುನ್ನ ಅಂಗಳದಲ್ಲಿ ಸ್ಕೂಟರನ್ನು ಎರಡು ನಿಮಿಷ ಚಾಲೂ ಇಟ್ಟು ಎಡಬದಿಗೆ ಕಿವಿಗೊಡಿ. ಬಂದ್ ಮಾಡಿ ಚಕ್ರವನ್ನೊಮ್ಮೆ ತಿರುಗಿಸಿ ನೋಡಿ. ಮುಂಗಾರಿಗೆ ಮುನ್ನ ಮೇ ತಿಂಗಳಲ್ಲಿ ಒಮ್ಮೆ, ಮಳೆ ಮುಗಿದ ಮೇಲೆ ಅಕ್ಟೋಬರಿನಲ್ಲಿ ಒಮ್ಮೆ ಪೆಟ್ಟಿಗೆ ಬಿಚ್ಚಿಸಿ ಶುಚಿಗೊಳಿಸುವ ಕ್ರಮವಿಟ್ಟುಕೊಂಡರೆ ನಡುರಸ್ತೆಯಲ್ಲಿ ನಿಲ್ಲುವ ಪ್ರಸಂಗ ಬಹುಮಟ್ಟಿಗೆ ತಪ್ಪುತ್ತದೆ.